ಗಂಜಿ ಗಟ್ಟಿಯಾಗುವುದೇಕೆ?

ಒಂದು ಲೋಟ ತಣ್ಣೀರಿಗೆ ಎರಡು ಚಮಚ ರಾಗಿ ಹಿಟ್ಟು ಹಾಕಿ ಕದಡಿ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಹಿಟ್ಟು ತಳ ಸೇರಿ, ಮೇಲೆ ನೀರು ನಿಲ್ಲುತ್ತದೆ. ಅದನ್ನೇ ಮತ್ತೆ ಕದಡಿ, ಒಲೆಯ ಮೇಲಿಟ್ಟು ಕೈಯಾಡಿಸುತ್ತಾ ಬನ್ನಿ. ಮೊದಮೊದಲು ಏನೂ ಆಗುವುದಿಲ್ಲ. ನೀರು ಚೆನ್ನಾಗಿ ಬಿಸಿಯೇರಿದ ಮೇಲೆ, ಇನ್ನೂ ಕುದಿ ಬರುವ ಮುಂಚೆಯೇ, ಸೌಟು ಭಾರವಾಗತೊಡಗುತ್ತದೆ. ಕುದಿ ಬರುವ ಹೊತ್ತಿಗೆ ಅದು ಗಂಜಿ. ಇನ್ನೆಷ್ಟು ಹೊತ್ತು ಬಿಟ್ಟರೂ ಹಿಟ್ಟು ಬೇರೆ, ನೀರು ಬೇರೆ ಎಂದು ಮೊದಲಿನಂತೆ ಬೇರ್ಪಡುವುದಿಲ್ಲ.

ಈ ಮಾರ್ಪಾಟಿಗೆ ಕಾರಣ ಹಿಟ್ಟಿನಲ್ಲಿರುವ ಪಿಷ್ಟ. ಅಕ್ಕಿಯ ತೂಕದಲ್ಲಿ ಮುಕ್ಕಾಲು ಪಾಲು, ರಾಗಿಯಲ್ಲಿ ಶೇ. 60ರ ಆಸುಪಾಸು ಇದೇ ಇರುತ್ತದೆ. ಎಲೆಗಳು ಬಿಸಿಲಿನ ನೆರವಿನಿಂದ ತಯಾರಿಸುವ ಸಕ್ಕರೆ ನೀರಿನಲ್ಲಿ ಕರಗುವಂಥದು. ಕರಗುವ ವಸ್ತುವನ್ನು ಕಾಳಿನಲ್ಲೋ ಗೆಡ್ಡೆಯಲ್ಲೋ ಕೂಡಿಡುವುದು ಕಷ್ಟ. ಆದ್ದರಿಂದ ಗಿಡವು ಗ್ಲೂಕೋಸಿನ ಸಾವಿರಾರು ಅಣುಗಳನ್ನು ಮಣಿಸರದಂತೆ ಪೋಣಿಸಿ ಪಿಷ್ಟವಾಗಿಸುತ್ತದೆ. ಸರಗಳಲ್ಲಿ ಎರಡು ಬಗೆ. ಹೆಚ್ಚುಕಡಿಮೆ ಒಂದೇ ಎಳೆಯಾಗಿ ಸಾಗುವುದು ಅಮೈಲೋಸ್. ಮರದ ಕೊಂಬೆಗಳಂತೆ ಕವಲೊಡೆದದ್ದು ಅಮೈಲೊಪೆಕ್ಟಿನ್. ಇವೆರಡೂ ಒತ್ತಾಗಿ ಅಡಕವಾಗಿ ಸಣ್ಣ ಕಣಗಳಾಗುತ್ತವೆ. ರಾಗಿಯ ಪಿಷ್ಟದ ಕಣದ ಗಾತ್ರ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಆಲೂಗಡ್ಡೆಯದು ಇದಕ್ಕಿಂತ ಎಷ್ಟೋ ದೊಡ್ಡದು.

ತಣ್ಣೀರು ಈ ಕಣದೊಳಕ್ಕೆ ಹೆಚ್ಚು ನುಗ್ಗಲಾರದು. ಬಿಸಿ ಸುಮಾರು 65 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ ಸರಗಳ ಬಿಗಿತ ಸಡಿಲುತ್ತದೆ. ಆಗ ಕಣ ನೀರು ಹೀರಿ ಅನೇಕ ಪಟ್ಟು ಊದಿಕೊಳ್ಳುತ್ತದೆ, ಕೆಲವು ಎಳೆಗಳು ಹೊರಬಂದು ನೀರಿನಲ್ಲಿ ಹರಡಿಕೊಳ್ಳುತ್ತವೆ. ಊದಿದ ಕಣಗಳು ಒಂದಕ್ಕೊಂದು ಒತ್ತಿ ನಿಂತಾಗ ಸೌಟು ತಿರುಗಲು ಜಾಗವೇ ಉಳಿಯುವುದಿಲ್ಲ. ಕುದಿಯುವ ನೀರಿಗೆ ಒಣಹಿಟ್ಟು ಸುರಿದರೆ ಗಂಟಾಗುವುದೂ ಇದರಿಂದಲೇ. ಹಿಟ್ಟಿನ ಉಂಡೆಯ ಹೊರಪದರ ತಕ್ಷಣ ಊದಿ ಗೋಡೆಯಂತಾಗುತ್ತದೆ; ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಮುದ್ದೆ ಮಾಡುವವರು ಎಸರಿಗೆ ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬಿಡುವುದನ್ನು ನೀವು ನೋಡಿರಬಹುದು. ಆಮೇಲಿನ ಕೆಲಸ ಕೋಲಿನದು ಮತ್ತು ತೋಳಿನದು.

ಬೆಂದ ಪಿಷ್ಟ ಆರಿದಾಗ ಸಡಿಲಗೊಂಡಿದ್ದ ಎಳೆಗಳು ಮತ್ತೆ ಒಂದರ ಪಕ್ಕ ಒಂದು ಸೇರಿಕೊಳ್ಳುತ್ತವೆ. ತಂಗಳನ್ನ ಬಿರುಸಾಗುವುದು, ಫ್ರಿಜ್ಜಿನಲ್ಲಿಟ್ಟ ಇಡ್ಲಿ ಗಟ್ಟಿಯಾಗುವುದು ಹೀಗೆ. ಹಬೆಯಲ್ಲಿ ಮತ್ತೆ ಬಿಸಿ ಮಾಡಿದರೆ ಬಹುಮಟ್ಟಿಗೆ ಮೆತ್ತಗಾಗುತ್ತವೆ. ಪಂಚೆಗೆ ಹಾಕುವ ಗಂಜಿ, ಗಾಳಿಪಟಕ್ಕೆ ಹಚ್ಚುವ ಮೈದಾ ಅಂಟು, ಬಿಸಿಲಲ್ಲಿ ಒಣಗುವ ಸಂಡಿಗೆ, ತಮಿಳುನಾಡಿನ ಸೇಲಂ ಸುತ್ತ ಮರಗೆಣಸಿನ ಪಿಷ್ಟದಿಂದ ತಯಾರಾಗುವ ಸಬ್ಬಕ್ಕಿ, ಇವೆಲ್ಲ ಪಿಷ್ಟದ ಊದುವ, ಅಂಟುವ, ಒಣಗಿ ಬಿಗಿಯುವ ಗುಣಗಳ ಉಪಯೋಗಗಳೇ. ಕಾಗದದ ಕಾರ್ಖಾನೆಗೂ ಮಾತ್ರೆ ತಯಾರಕರಿಗೂ ಅದು ಬೇಕು. ಆದರೆ ಈ ಗಟ್ಟಿತನವೇ ತೊಡಕಾಗುವ ಒಂದು ಸಂದರ್ಭವಿದೆ. ಅದು ಎಳೆಯ ಮಗುವಿನ ಊಟ.

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಈ ಮೇಲಾಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಸಿಗಬೇಕು. ಆದರೆ ಅದರ ಹೊಟ್ಟೆ ಎಷ್ಟು ದೊಡ್ಡದು? ಒಂದು ಹೊತ್ತಿಗೆ ಅದು ತಿನ್ನುವುದು ಅರ್ಧ ಬಟ್ಟಲು, ಅಂದರೆ 125 ಮಿಲಿಲೀಟರ್. ಮಗು ನುಂಗುವಷ್ಟು ತೆಳ್ಳಗೆ ಗಂಜಿ ಕಾಯಿಸಬೇಕಾದರೆ ಅದರಲ್ಲಿ ಹಿಟ್ಟು ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಇರುವಂತಿಲ್ಲ. ಅರ್ಧ ಬಟ್ಟಲಲ್ಲಿ 12 ಗ್ರಾಂ ಹಿಟ್ಟು, 40 ಕ್ಯಾಲೊರಿ. ಮೂರು ಹೊತ್ತು ತಿನ್ನಿಸಿದರೂ 120. ಮಗುವಿನ ಹೊಟ್ಟೆ ತುಂಬಿದೆ, ತುಂಬಿರುವುದು ನೀರು. ಹಿಟ್ಟು ಹೆಚ್ಚಿಸೋಣವೆಂದರೆ ಗಂಜಿ ಮುದ್ದೆಯಾಗುತ್ತದೆ, ಮಗು ಉಗುಳುತ್ತದೆ, ಅಮ್ಮ ಮತ್ತೆ ನೀರು ಬೆರೆಸುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದಕ್ಕೆ ಕಾರಣಗಳು ಹಲವು, ತೆಳುಗಂಜಿಯೂ ಅವುಗಳಲ್ಲೊಂದು.

ಇದಕ್ಕೆ ಪರಿಹಾರ ನಮ್ಮ ಅಜ್ಜಿಯರ ಕೈಯಲ್ಲಿತ್ತು. ಮಗುವಿನ ರಾಗಿ ಸರಿಗೆ ಅವರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಿದ್ದರು. ಮೊಳೆಯುವ ಕಾಳಿಗೆ ತಾನು ಕೂಡಿಟ್ಟ ಪಿಷ್ಟವನ್ನು ಮತ್ತೆ ಸಕ್ಕರೆಯಾಗಿಸಿಕೊಳ್ಳುವ ಅಗತ್ಯ ಬೀಳುತ್ತದೆ. ಅದಕ್ಕಾಗಿ ಅಮೈಲೇಸ್ ಎಂಬ ಕಿಣ್ವವನ್ನು ಅದು ತಯಾರಿಸಿಕೊಳ್ಳುತ್ತದೆ. ಕತ್ತರಿಯಂತೆ ಈ ಕಿಣ್ವ ಉದ್ದನೆಯ ಸರಗಳನ್ನು ತುಂಡರಿಸುತ್ತದೆ. ತುಂಡಾದ ಸರಗಳಿಗೆ ನೀರನ್ನು ಹಿಡಿದು ಗಟ್ಟಿಯಾಗಿಸುವ ಶಕ್ತಿಯಿಲ್ಲ. ಕ್ಯಾಲೊರಿ ಮಾತ್ರ ಕಡಿಮೆಯಾಗುವುದಿಲ್ಲ. ಹಾಗಾಗಿ ನೂರಕ್ಕೆ ಇಪ್ಪತ್ತು ಪಾಲು ಹಿಟ್ಟು ಹಾಕಿದರೂ ಸರಿ ಚಮಚದಿಂದ ಇಳಿಯುವಂತೆ ಇರುತ್ತದೆ. ಅದೇ ಅರ್ಧ ಬಟ್ಟಲಿನಲ್ಲಿ 80 ಕ್ಯಾಲೊರಿ. ನಮ್ಮ ಜೊಲ್ಲಿನಲ್ಲೂ ಇಂಥದೇ ಕಿಣ್ವವಿದೆ. ಅವಲಕ್ಕಿಯನ್ನು ಎರಡು ನಿಮಿಷ ಅಗಿದರೆ ಸಿಹಿಯಾಗುವುದು ಅದರಿಂದ.

ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರು 1980ರ ದಶಕದ ಆರಂಭದಲ್ಲಿ ಮೊಳಕೆಯ ರಾಗಿ ಮತ್ತು ಹೆಸರುಕಾಳಿನಿಂದ ಇಂಥ ಶಿಶು ಆಹಾರವನ್ನು ರೂಪಿಸಿದರು. ಅದೇ ದಶಕದಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ತಾರಾ ಗೋಪಾಲದಾಸ್ ಮತ್ತು ಸಂಗಡಿಗರು ಇನ್ನೂ ಸರಳವಾದ ಸಂಗತಿಯನ್ನು ತೋರಿಸಿದರು: ಇಡೀ ಹಿಟ್ಟೇ ಮೊಳಕೆಯದಾಗಬೇಕಿಲ್ಲ, ಗಟ್ಟಿ ಗಂಜಿಗೆ ಒಂದಿಷ್ಟು ಮೊಳಕೆಕಾಳಿನ ಹಿಟ್ಟು ಸೇರಿಸಿದರೂ ಸಾಕು.

ಇದನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಸೌಟು ನಿಲ್ಲುವಷ್ಟು ಗಟ್ಟಿಯಾಗಿ ಗಂಜಿ ಕಾಯಿಸಿ, ಒಲೆಯಿಂದ ಇಳಿಸಿ, ಹಬೆ ಕಡಿಮೆಯಾಗಲು ಬಿಡಿ. ಅದನ್ನು ಎರಡು ಬಟ್ಟಲಿಗೆ ಹಂಚಿ. ಒಂದಕ್ಕೆ ಸಾಧಾರಣ ರಾಗಿ ಹಿಟ್ಟು, ಇನ್ನೊಂದಕ್ಕೆ ಮೊಳಕೆಯ ಹಿಟ್ಟು, ಒಂದೊಂದು ಚಮಚ ಹಾಕಿ ಕಲಕುತ್ತಿರಿ. ಕೆಲವೇ ನಿಮಿಷಗಳಲ್ಲಿ ಎರಡನೆಯದು ನೀರಾಗುತ್ತದೆ. ಒಂದು ಹನಿ ನೀರನ್ನೂ ನೀವು ಸೇರಿಸಿರುವುದಿಲ್ಲ!

ಮನೆಯಲ್ಲಿ ಸರಿ ಹಿಟ್ಟು ಮಾಡುವವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಪರಿಮಳ ಬರಲೆಂದು ಮೊಳಕೆ ರಾಗಿಯನ್ನು ಕೆಂಪಗೆ ಹುರಿಯುತ್ತಾರೆ. ಕಿಣ್ವವೂ ಒಂದು ಪ್ರೋಟೀನು. ಅತಿ ಬಿಸಿಗೆ ಅದು ಕೆಟ್ಟುಹೋಗುತ್ತದೆ, ಮೊಳಕೆ ಕಟ್ಟಿದ ಶ್ರಮವೆಲ್ಲ ವ್ಯರ್ಥ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಎರಡನೆಯದು, ಕುದಿಯುವ ನೀರಿಗೆ ಹಿಟ್ಟು ಸುರಿಯುವುದು. ಆಗಲೂ ಕಿಣ್ವಕ್ಕೆ ಕೆಲಸ ಮಾಡಲು ಪುರಸತ್ತಿಲ್ಲ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಪಿಷ್ಟ ಊದುತ್ತಿದ್ದಂತೆ ಕಿಣ್ವ ಅದನ್ನು ಕತ್ತರಿಸುತ್ತಾ ಹೋಗುತ್ತದೆ. ಕೊನೆಯಲ್ಲಿ ಮಾತ್ರ ಚೆನ್ನಾಗಿ ಕುದಿಸಲೇಬೇಕು. ತೇವದಲ್ಲಿ ಮೊಳೆತ ಕಾಳಿನಲ್ಲಿ ರೋಗಾಣುಗಳೂ ಬೆಳೆದಿರಬಹುದು. ಬೂಷ್ಟು ಹಿಡಿದ ಮೊಳಕೆಯನ್ನಂತೂ ಮುಲಾಜಿಲ್ಲದೆ ಎಸೆಯಿರಿ.

ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಎಂದು ಸಿಗುವ ಪೊಟ್ಟಣಗಳ ಹಿಂಬದಿಯನ್ನು ಒಮ್ಮೆ ಓದಿ. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಕಾಳು ಎಂದರ್ಥ. ಹೆಸರಿನಲ್ಲಿ ಅದಿದ್ದರೂ ಒಳಗಿರುವುದು ಬರೀ ಹುರಿದ ರಾಗಿ ಮತ್ತು ಸಕ್ಕರೆಯಾಗಿರಬಹುದು. ಇನ್ನು ಪಿಷ್ಟದಿಂದ ಸಿಗುವುದು ಶಕ್ತಿ ಮಾತ್ರ. ಮೈ ಬೆಳೆಯಲು ಪ್ರೋಟೀನು ಬೇಕು. ಮೈಸೂರಿನವರು ರಾಗಿಯ ಜೊತೆ ಹೆಸರುಕಾಳನ್ನೂ ಮೊಳಕೆ ಕಟ್ಟಿದ್ದು ಅದಕ್ಕೇ.