ಧರ್ಮ ಯಾವುದೆಂದು ಕೇಳುವ ಅರ್ಜಿ

ಒಂದು ಕಾಲದಲ್ಲಿ ನಮ್ಮ ಮನೆಗಳಿಂದ ಹೊರದೇಶಕ್ಕೆ ಹೊರಡುವುದೆಂದರೆ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವುದೆಂದೇ ಅರ್ಥವಾಗಿತ್ತು. ಈಗ ಓದಲು ಹೋಗುವವರೂ ಅನೇಕರಿದ್ದಾರೆ. ಅವರಲ್ಲಿ ಹಲವರ ದಾರಿ ಜರ್ಮನಿಯ ಕಡೆಗೆ. ಬೀಳ್ಕೊಡುವ ದಿನ ಮನೆಯಲ್ಲಿ ಜಪಸರದ ಪ್ರಾರ್ಥನೆ ನಡೆಯುತ್ತದೆ, ಧರ್ಮಗುರುಗಳ ಆಶೀರ್ವಾದ ದೊರೆಯುತ್ತದೆ, ಪೆಟ್ಟಿಗೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಬಾಟಲಿಯೂ ಸೇರುತ್ತದೆ. ಆದರೆ ಅಲ್ಲಿ ನೆಲೆಸಿದ ಮೊದಲ ಎರಡು ವಾರಗಳಲ್ಲೇ ಮಕ್ಕಳು ಉತ್ತರಿಸಬೇಕಾದ ಒಂದು ಪ್ರಶ್ನೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದನ್ನು ಇಲ್ಲಿ ಎತ್ತಬಯಸುತ್ತೇವೆ.

ಸ್ಟುಟ್‌ಗಾರ್ಟ್ ನಗರವನ್ನೇ ತೆಗೆದುಕೊಳ್ಳೋಣ. ಮರ್ಸಿಡಿಸ್ ಕಾರುಗಳ ಊರದು. ಎಂಜಿನಿಯರಿಂಗ್ ಓದಿದ ನಮ್ಮ ಮಕ್ಕಳಿಗೆ ಹೆಸರು ಹೊಸತಲ್ಲ. ಜರ್ಮನಿಯಲ್ಲಿ ಓದು ಪೂರ್ಣ ಉಚಿತವೆಂಬ ಮಾತು ನಮ್ಮಲ್ಲಿ ಪ್ರಚಲಿತವಾಗಿದೆ. ಆದರೆ ಈ ನಗರವಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಲ್ಲಿ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವನ್ನು ವಿಧಿಸಿತು. ವೀಸಾ ಪಡೆಯಲು ಒಂದು ವರ್ಷದ ಖರ್ಚಿನ ಹಣವನ್ನು ಮುಂಚಿತವಾಗಿ ನಿರ್ಬಂಧಿತ ಖಾತೆಯಲ್ಲಿರಿಸಿ ತೋರಿಸುವುದು ವಾಡಿಕೆ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ದೊಡ್ಡ ಪಾಲು ಕೊಠಡಿಯ ಬಾಡಿಗೆಗೇ ಹೋಗುತ್ತದೆ.

ಕೊಠಡಿ ಸೇರಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಮನೆಯೊಡೆಯನ ಲಿಖಿತ ದೃಢೀಕರಣವಿಲ್ಲದೆ ನೋಂದಣಿಯಿಲ್ಲ. ನೋಂದಣಿಯಾಗದೆ ಮುಂದಿನ ಯಾವ ಕೆಲಸವೂ ಸುಲಭವಲ್ಲ. ಈ ಅರ್ಜಿಯಲ್ಲೇ ಧರ್ಮವನ್ನು ಕೇಳುವ ಒಂದು ಅಂಕಣವಿದೆ. 'ರೋಮನ್ ಕಥೋಲಿಕ' ಎಂದು ಬರೆದರೆ ಆ ಮಾಹಿತಿ ತೆರಿಗೆ ಇಲಾಖೆಗೂ ತಲುಪುತ್ತದೆ. ಮುಂದೆ ಉದ್ಯೋಗ ದೊರೆತು ಆದಾಯ ತೆರಿಗೆ ಕಟ್ಟುವ ಕಾಲ ಬಂದಾಗ, ಅದರೊಡನೆ ಧರ್ಮಸಭೆಯ ತೆರಿಗೆಯನ್ನೂ ಸಂಬಳದಿಂದಲೇ ಮುರಿದುಕೊಳ್ಳಲಾಗುತ್ತದೆ.

ನಮಗೆ ಪರಿಚಯದ ಕುಟುಂಬವೊಂದರ ಯುವಕ ಈ ಅಂಕಣದ ಮುಂದೆ ತಡವರಿಸಿದ. "ಯಾವ ಧರ್ಮವೂ ಇಲ್ಲವೆಂದು ಬರೆ, ಹಣ ಉಳಿಯುತ್ತದೆ" ಎಂದು ಜೊತೆಯ ಹುಡುಗರು ಹೇಳಿಕೊಟ್ಟಿದ್ದರು. ಅವನು ಮನೆಗೆ ಫೋನು ಮಾಡಿದ. ತಾಯಿ ಅತ್ತರು. ತಂದೆ, "ಎಷ್ಟು ಹಣವಂತೆ?" ಎಂದು ಕೇಳಿದರು. ತಂದೆಯ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು. ಮನೆಯನ್ನು ಅಡವಿಟ್ಟು ಮಗನನ್ನು ಕಳುಹಿಸಿದವರು ಅವರು.

ಲೆಕ್ಕ ಹೀಗಿದೆ. ಆ ರಾಜ್ಯದಲ್ಲಿ ಈ ತೆರಿಗೆ ಸಂಬಳದ ಮೇಲೆ ಬೀಳುವುದಿಲ್ಲ, ಕಟ್ಟಬೇಕಾದ ಆದಾಯ ತೆರಿಗೆಯ ಮೇಲೆ ಶೇಕಡಾ 8ರಂತೆ ಬೀಳುತ್ತದೆ. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಕಟ್ಟುವವನಿಗೆ 40 ಯೂರೋ. ವರ್ಷಕ್ಕೆ ಸುಮಾರು 12,000 ಯೂರೋವರೆಗಿನ ಗಳಿಕೆಗೆ ಆದಾಯ ತೆರಿಗೆಯೇ ಇಲ್ಲವಾದ್ದರಿಂದ, ಬಿಡುವಿನಲ್ಲಿ ಅಷ್ಟಿಷ್ಟು ದುಡಿಯುವ ವಿದ್ಯಾರ್ಥಿ ಧರ್ಮಸಭೆಗೆ ಕೊಡಬೇಕಾದದ್ದು ಏನೂ ಇಲ್ಲ. ಉಳಿಸಲು ಹೊರಟ ಹಣವೇ ಇರಲಿಲ್ಲ! ಇದನ್ನು ಆ ಹುಡುಗರು ತಿಳಿದಿರಲಿಲ್ಲ. ನಾವೂ ವಿಚಾರಿಸಿದ ಮೇಲೆಯೇ ತಿಳಿದುಕೊಂಡೆವು.

ಒಮ್ಮೆ ಬರೆಸಿದ ಹೆಸರನ್ನು ಮುಂದೆ ತೆಗೆಸಬೇಕಾದರೆ ಸರಕಾರಿ ಕಚೇರಿಯಲ್ಲಿ ವಿಧಿವತ್ತಾಗಿ ಘೋಷಿಸಬೇಕು. ಹಾಗೆ ಘೋಷಿಸಿದವರು ಪಾಪನಿವೇದನೆ, ಪರಮಪ್ರಸಾದ ಮೊದಲಾದ ಸಂಸ್ಕಾರಗಳನ್ನು ಪಡೆಯುವಂತಿಲ್ಲವೆಂದು ಜರ್ಮನಿಯ ಧರ್ಮಾಧ್ಯಕ್ಷರ ಮಂಡಳಿ 2012ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಡಿಸಿತು. ಮರಣಾಪಾಯದ ಸಂದರ್ಭಕ್ಕೆ ಮಾತ್ರ ವಿನಾಯಿತಿಯುಂಟು. ಹಬ್ಬದ ಕಾಣಿಕೆಯನ್ನು ಮನಸ್ಸಿದ್ದಷ್ಟು ಕೊಡುವ ನಮ್ಮವರಿಗೆ ಇದು ಕಠಿಣವೆನಿಸೀತು. ನಮಗೂ ಹಾಗೆಯೇ ಅನಿಸಿತು. ಆ ದೇಶದಲ್ಲಿಯೂ ಟೀಕೆಗಳು ಬಂದಿವೆ. ಆದರೆ ಅಲ್ಲಿಯ ದೇವಾಲಯಗಳು ಬಹುಮಟ್ಟಿಗೆ, ಧರ್ಮಸಭೆಯ ಶಿಶುವಿಹಾರಗಳು ಭಾಗಶಃ ಈ ಹಣದ ಆಸರೆ ಪಡೆದಿವೆ. ದುಡಿಯಲು ಬಂದು ನೆಲೆಸಿದ ಇಟಲಿಯವರಿಗೂ ಕ್ರೊಯೇಶಿಯಾದವರಿಗೂ ಅವರವರ ಭಾಷೆಯಲ್ಲಿ ಬಲಿಪೂಜೆ ನಡೆಯುತ್ತಿರುವುದೂ ಈ ವ್ಯವಸ್ಥೆಯ ಒಳಗೇ.

ಭಾಷೆಯ ಕಷ್ಟ ಬೇರೆಯದು. ತರಗತಿ ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಪತ್ರ, ಅಂಗಡಿಯ ಚೀಟಿ, ನೆರೆಯ ಅಜ್ಜಿಯ ಗದರಿಕೆ ಎಲ್ಲವೂ ಜರ್ಮನಿನಲ್ಲೇ. ಕನ್ನಡಕ್ಕೆ ಶಬ್ದಕೋಶ ರಚಿಸಿದ ಕಿಟೆಲರು 1903ರಲ್ಲಿ ತೀರಿಕೊಂಡ ಟ್ಯುಬಿಂಗೆನ್ ಅಲ್ಲಿಗೆ ಸಮೀಪದಲ್ಲೇ ಇದೆ. ಅವರು 1853ರಲ್ಲಿ ಇಲ್ಲಿಗೆ ಬಂದು ನಮ್ಮ ಮಾತನ್ನು ಕಲಿತ ಶ್ರದ್ಧೆಯ ಹತ್ತರಲ್ಲೊಂದಂಶವಿದ್ದರೂ ನಮ್ಮ ಮಕ್ಕಳಿಗೆ ಸಾಕು.

ಗದರಿಕೆ ಎಂದೆವಲ್ಲ, ಅದಕ್ಕೆ ಕಾರಣವುಂಟು. ಆ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯಿದೆ. ಒಂದೇ ಕಟ್ಟಡದ ಮನೆಗಳವರು ಸರದಿಯ ಪ್ರಕಾರ ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳಗಳನ್ನು ಗುಡಿಸಬೇಕು. ಸರದಿ ಬಂದವರ ಬಾಗಿಲಲ್ಲಿ ಫಲಕವೊಂದು ತೂಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸದ್ದುಗದ್ದಲವೂ ಸಲ್ಲದು; ಆದ್ದರಿಂದ ಅಕ್ಕಿಬೇಳೆಯ ಖರೀದಿಯೂ ಗುಡಿಸುವ ಕೆಲಸವೂ ಶನಿವಾರವೇ ಮುಗಿಯಬೇಕು.

ಆ ಯುವಕ ಕೊನೆಗೆ ಅಂಕಣದಲ್ಲಿ 'ರೋಮನ್ ಕಥೋಲಿಕ' ಎಂದೇ ಬರೆದನಂತೆ. ಉದ್ಯೋಗ ಸಿಕ್ಕಿದ ಮೇಲೆ ಸಂಬಳದ ಚೀಟಿಯನ್ನು ನೋಡಿ ಮತ್ತೆ ಮಾತಾಡೋಣವೆಂದು ತಂದೆ ಹೇಳಿದ್ದಾರೆ. ಕಳೆದ ವಾರ ತಾಯಿ ಫೋನು ಮಾಡಿದಾಗ ಅವನು ಮೆಟ್ಟಿಲು ಗುಡಿಸಿ, ಫಲಕವನ್ನು ಎದುರುಮನೆಯ ಬಾಗಿಲಿಗೆ ತೂಗುಹಾಕಿ ಆಗಷ್ಟೇ ಒಳಗೆ ಬಂದಿದ್ದ. ಊರಿನಲ್ಲಿ ಕಸಬರಿಗೆಯನ್ನು ಮುಟ್ಟದ ಮಗ! ಮರುದಿನದ ಪೂಜೆ ಎಷ್ಟು ಗಂಟೆಗೆಂದು ಅವರು ಕೇಳಿದರು. ಹತ್ತಕ್ಕೆ ಎಂದ.