ಆರೋಗ್ಯ, ವಸತಿ ಮತ್ತು ಸಮಾಜನೀತಿಯ ವ್ಯಾಸಂಗ

ರೋಗವನ್ನು ಗುಣಪಡಿಸುವುದು ವೈದ್ಯನ ಕಾರ್ಯ; ಮನೆಯನ್ನು ಕಟ್ಟುವುದು ಎಂಜಿನಿಯರನ ಕಾರ್ಯ. ಆದರೆ ಗಾಳಿ ಬೆಳಕುಗಳಿಲ್ಲದ ಒಂದೇ ಕೋಣೆಯಲ್ಲಿ ಎಂಟು ಮಂದಿ ವಾಸಿಸುವ ಕುಟುಂಬದಲ್ಲಿ ಕ್ಷಯವು ಒಬ್ಬರಿಂದ ಮತ್ತೊಬ್ಬರಿಗೆ ಹರಡಿದರೆ ಅದು ಯಾರ ಹೊಣೆ? ಔಷಧೋಪಚಾರದಿಂದ ಗುಣಹೊಂದಿದವನೂ ಅದೇ ಕೋಣೆಗೆ ಮರಳಬೇಕಷ್ಟೆ. ಇಂತಹ ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ ವಿಚಾರಿಸುವ ಜ್ಞಾನಶಾಖೆಯೇ ಸಮಾಜನೀತಿ. ಆರೋಗ್ಯ, ವಸತಿ, ಶಿಕ್ಷಣ, ವೃದ್ಧಾಪ್ಯವೇತನ ಮೊದಲಾದವುಗಳ ವೆಚ್ಚವನ್ನು ಯಾರು ಹೊರುತ್ತಾರೆ, ಫಲವು ಯಾರಿಗೆ ದಕ್ಕುತ್ತದೆ, ಯಾರು ಹೊರಗುಳಿಯುತ್ತಾರೆ ಎಂಬುದೇ ಇದರ ವಿಚಾರ. ಸಮಾಜಕಾರ್ಯವು ಕಷ್ಟದಲ್ಲಿರುವ ವ್ಯಕ್ತಿಗೆ ನೆರವಾಗುವ ಬಗೆಯನ್ನು ಕಲಿಸಿದರೆ, ಸಮಾಜನೀತಿಯು ಆ ಕಷ್ಟವನ್ನು ಉಂಟುಮಾಡುವ ಅಥವಾ ನೀಗುವ ವ್ಯವಸ್ಥೆಯನ್ನು ಪರೀಕ್ಷಿಸುತ್ತದೆ.

ಈ ವ್ಯಾಸಂಗವು ಬೆಳೆದುಬಂದುದು ಬ್ರಿಟನ್ನಿನಲ್ಲಿ. ಸೀಬಾಮ್ ರೌಂಟ್ರಿಯವರು 1899ರಲ್ಲಿ ಯಾರ್ಕ್ ನಗರದ ಕಾರ್ಮಿಕರ ಮನೆಮನೆಯ ಸ್ಥಿತಿಯನ್ನು ಸಮೀಕ್ಷಿಸಿ, ನಗರದ ಜನಸಂಖ್ಯೆಯ ಶೇಕಡಾ 28ರಷ್ಟು ಮಂದಿ ಬಡತನದಲ್ಲಿರುವರೆಂದು 1901ರಲ್ಲಿ ಪ್ರಕಟಿಸಿದರು. ಬಡತನಕ್ಕೆ ಸೋಮಾರಿತನವೇ ಕಾರಣವೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ದುಡಿಯುವವರಿಗೆ ದೊರೆಯುವ ಕೂಲಿಯೇ ಸಾಲದೆಂಬುದು ಸ್ಪಷ್ಟವಾಯಿತು.

1912ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಈ ವಿಷಯಕ್ಕೆ ವಿಭಾಗವೊಂದು ಆರಂಭವಾಯಿತು. ಅಲ್ಲಿ ಬಡತನದ ಕಾರಣಗಳನ್ನು ಅರಸುವ ಕಾರ್ಯಕ್ಕೆ ಧನಸಹಾಯವಿತ್ತವರು ಜಮ್‌ಷೆಟ್‌ಜಿ ಟಾಟಾರವರ ಪುತ್ರ ರತನ್ ಟಾಟಾರವರು ಎಂಬುದು ಸ್ಮರಣೀಯ. ಅಲ್ಲಿ ಬೋಧಕರಾಗಿದ್ದ ಕ್ಲೆಮೆಂಟ್ ಅಟ್ಲಿಯವರು 1945ರಲ್ಲಿ ಪ್ರಧಾನಿಯಾದರು. ಅವರ ಸರ್ಕಾರದಲ್ಲಿ ಆರೋಗ್ಯ ಸಚಿವರಾದ ಅನ್ಯೂರಿನ್ ಬೆವನ್ನರಿಗೆ ವಸತಿಯ ಹೊಣೆಯೂ ಸೇರಿತ್ತು. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಚಿಕಿತ್ಸೆಯನ್ನು ಉಚಿತವಾಗಿ ಎಲ್ಲರಿಗೂ ಒದಗಿಸಿತು. 1951ರಲ್ಲಿ ವಸತಿಯು ಆರೋಗ್ಯ ಇಲಾಖೆಯಿಂದ ಬೇರ್ಪಟ್ಟಿತು.

ಉಚಿತ ಚಿಕಿತ್ಸೆಯೊಂದೇ ಸಾಕಾಯಿತೆ? ಸರ್ ಡಗ್ಲಸ್ ಬ್ಲ್ಯಾಕ್‌ರವರ ಸಮಿತಿಯು 1980ರಲ್ಲಿ ನೀಡಿದ ವರದಿಯು ಇದಕ್ಕೆ ಉತ್ತರ. ಕುಶಲವಲ್ಲದ ಕೂಲಿಕಾರ ವರ್ಗದವರು ನಿವೃತ್ತಿಯ ವಯಸ್ಸಿಗೆ ಮುನ್ನವೇ ಮರಣಹೊಂದುವ ಸಂಭವವು ಉನ್ನತ ವೃತ್ತಿಯವರಿಗಿಂತ ಎರಡೂವರೆ ಪಟ್ಟು ಹೆಚ್ಚೆಂದು ಅದು ತೋರಿಸಿತು. ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಮನೆ, ಕೂಲಿ, ಆಹಾರಗಳ ಅಂತರವು ದೇಹದಲ್ಲಿ ಉಳಿದೇ ಇತ್ತು.

ಆದುದರಿಂದಲೇ ಪದವಿ ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಶಾಸನ ಹಾಗೂ ಸಮೀಕ್ಷಾ ವಿಧಾನಗಳನ್ನು ಜೊತೆಗೂಡಿಸಿ ಬೋಧಿಸುತ್ತಾರೆ. ವಿದ್ಯಾರ್ಥಿಯು ಒಂದು ಯೋಜನೆಯ ಉದ್ದೇಶವನ್ನು ಮೆಚ್ಚಿದರೆ ಸಾಲದು. ಅದರ ಪರಿಣಾಮವನ್ನು ಅಳೆಯಲು ಕಲಿಯಬೇಕು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ನಾಡಿನ ಇತಿಹಾಸವೂ ಹೊಸ ಅರ್ಥವನ್ನು ಪಡೆಯುತ್ತದೆ. 1898ರಲ್ಲಿ ಬೆಂಗಳೂರನ್ನು ಪ್ಲೇಗು ಆವರಿಸಿದ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳೊಡನೆ ರೂಪುಗೊಂಡವು. ಅಲ್ಲಿ ನಗರವಿನ್ಯಾಸವೇ ಔಷಧಿಯಾಯಿತು. ಹೊಸ ನಿವೇಶನಗಳಿಗೆ ತೆರಳಿದವರು ಯಾರು, ಹಳೆಯ ಓಣಿಗಳಲ್ಲೇ ಉಳಿದವರು ಯಾರು ಎಂಬುದು ಸಮಾಜನೀತಿಯ ವಿದ್ಯಾರ್ಥಿಯು ಕೇಳಬೇಕಾದ ಮೊದಲ ಪ್ರಶ್ನೆ.

ಭಾರತದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಂಸ್ಥೆಯು ಮುಂದೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಪ್ರಖ್ಯಾತವಾಗಿ ಇಂತಹ ವ್ಯಾಸಂಗಕ್ಕೆ ಭದ್ರ ನೆಲೆಯನ್ನು ಒದಗಿಸಿತು. ಇಲ್ಲಿ ಪಳಗಿದವರಿಗೆ ಆಡಳಿತ, ನಗರಸಭೆ, ಆಸ್ಪತ್ರೆ, ಸಂಶೋಧನೆ ಹಾಗೂ ಸ್ವಯಂಸೇವಾ ಸಂಸ್ಥೆಗಳಲ್ಲಿ ಅವಕಾಶಗಳುಂಟು.

ಪ್ರತಿಭಾವಂತ ವಿದ್ಯಾರ್ಥಿಗಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡೇ ಹಾದಿಗಳನ್ನು ತೋರಿಸುವುದು ವಾಡಿಕೆಯಾಗಿದೆ. ಆಸ್ಪತ್ರೆಗೂ ಮನೆಗೂ ನಡುವಣ ದಾರಿಯನ್ನು ಬಲ್ಲವರೂ ನಾಡಿಗೆ ಅಷ್ಟೇ ಅವಶ್ಯಕ. ಬಡತನವನ್ನು ಮನೆಯಲ್ಲೇ ಕಂಡು ಬೆಳೆದ ಗ್ರಾಮಾಂತರದ ವಿದ್ಯಾರ್ಥಿಗೆ ಈ ಮೂರನೆಯ ಹಾದಿಯನ್ನು ಪರಿಚಯಿಸುವುದು ಅಧ್ಯಾಪಕರ ಕರ್ತವ್ಯ. ಅವನ ವ್ಯಾಸಂಗಕ್ಕೆ ಆಸರೆಯಾಗುವುದು ದಾನಿಗಳಿಗೆ ಸಾರ್ಥಕವಾದ ವಿನಿಯೋಗ.