ಸಂಖ್ಯಾಶಾಸ್ತ್ರ ಓದಲು ಪಿಯುಸಿಯಲ್ಲೇ ಗಣಿತ ಇರಲಿ

ಕೆಜಿಎಫ್ ಗಣಿಯಲ್ಲಿ ಅದಿರಿನ ರಾಶಿಯನ್ನೆಲ್ಲ ಪರೀಕ್ಷೆ ಮಾಡುತ್ತಿರಲಿಲ್ಲ. ಅಲ್ಲಲ್ಲಿ ಮಾದರಿ ತೆಗೆದು ಚಿನ್ನ ಎಷ್ಟಿದೆ ಎಂದು ಅಂದಾಜು ಮಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಆದರೆ ಸ್ವಲ್ಪ ನೋಡಿ ಪೂರ್ತಿ ರಾಶಿಯ ಬಗ್ಗೆ ಹೇಳುವುದು, ಆ ಮಾತನ್ನು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕುವುದು, ಇದೇ ಸಂಖ್ಯಾಶಾಸ್ತ್ರ.

ಜೈನರಿಗೆ ಈ ವಿಚಾರ ಹೊಸದಲ್ಲ. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ (ಐಎಸ್‌ಐ) ಸ್ಥಾಪಿಸಿದ ಪ್ರೊ. ಪಿ.ಸಿ. ಮಹಲನೋಬಿಸ್ ಅವರು 1954ರ ಒಂದು ಲೇಖನದಲ್ಲಿ, ಸ್ಯಾದ್ವಾದದ ಸಪ್ತಭಂಗಿಗೂ ಸಂಭವನೀಯತೆಯ ಸಿದ್ಧಾಂತಕ್ಕೂ ಇರುವ ಹತ್ತಿರದ ನಂಟನ್ನು ತೋರಿಸಿದ್ದಾರೆ. 'ಸ್ಯಾತ್' ಎಂದರೆ ಅನುಮಾನವಲ್ಲ, 'ಒಂದು ದೃಷ್ಟಿಯಿಂದ' ಎಂದರ್ಥ. ಮೇಲೆ ಚಿಮ್ಮಿದ ನಾಣ್ಯ ಬೀಳುವ ಮೊದಲು ತಲೆಯೋ ಹೂವೋ ಹೇಳಲಾಗದು. ಅದು 'ಅವಕ್ತವ್ಯ'ದ ಸ್ಥಿತಿ.

ಇನ್ನು ಪಾಲಕರು ಗಮನಿಸಬೇಕಾದದ್ದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಅಂಗಡಿ ನೋಡಿಕೊಳ್ಳಲು ಅನುಕೂಲವೆಂದು ಮಕ್ಕಳನ್ನು ವಾಣಿಜ್ಯ ವಿಭಾಗಕ್ಕೆ ಸೇರಿಸುವುದುಂಟು. ಅಲ್ಲಿ ಎಸ್‌ಇಬಿಎ ತೆಗೆದುಕೊಂಡರೆ ಸಂಖ್ಯಾಶಾಸ್ತ್ರವೇನೋ ಸಿಗುತ್ತದೆ, ಗಣಿತ ಸಿಗುವುದಿಲ್ಲ. ಗಣಿತವಿಲ್ಲದೆ ಐಎಸ್‌ಐನ ಬಿ.ಸ್ಟ್ಯಾಟ್ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲಾಗದು. ಬೇರೆ ಕಾಲೇಜುಗಳ ಬಿ.ಎಸ್ಸಿ.ಯಲ್ಲೂ ಸಂಖ್ಯಾಶಾಸ್ತ್ರದ ಜೊತೆ ಸಾಮಾನ್ಯವಾಗಿ ಗಣಿತ ಇದ್ದೇ ಇರುತ್ತದೆ.

ಬಿ.ಸ್ಟ್ಯಾಟ್ ಕೋಲ್ಕತ್ತದಲ್ಲಿದೆ. ಬೆಂಗಳೂರಿನ ಐಎಸ್‌ಐ ಕೇಂದ್ರದಲ್ಲಿ ಗಣಿತಪ್ರಧಾನವಾದ ಬಿ.ಮ್ಯಾಥ್ ಇದೆ. ಮುಂದೆ ಎಂ.ಎಸ್ಸಿ.ಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಸಂಖ್ಯಾಶಾಸ್ತ್ರ ವಿಭಾಗವಿದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರು ಬಹಳ ಜನ. ದಾರಿ ದೂರವಲ್ಲ, ಪಿಯುಸಿ ಅರ್ಜಿ ತುಂಬುವ ದಿನ ಗಣಿತವನ್ನು ಬಿಟ್ಟರೆ ಮಾತ್ರ ದೂರ.